ನೆತ್ತಿ ತುಂಬಿದ ಮುಂಜಾನೆ

ನಾನು ನಿಂತಿದ್ದದ್ದು ತಿಕೋಟಾದಲ್ಲಿ, ನನ್ನ ಮಾವನ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಹೊಸ್ತಿಲಿಗೆ ಹತ್ತಿಕೊಂಡು. ೧೯೬೦ನೆಯ ಇಸವಿ, ಎಳ್ಳ ಅಮಾವಾಸ್ಯೆಯ ಮರುದಿನ, ಮುಂಜಾನೆ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ನನ್ನ ಕೈಯಲ್ಲಿ ಚಹಾ ಇತ್ತು. ಹೊಸ್ತಿಲಿನ ಆಚೆ, ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿ ನನ್ನ ಅತ್ತೆ ಗೌರವ್ವ ಕಾಲು ಚಾಚಿ ಕುಳಿತು, ಕಾಲ ಮೇಲೆ ನನ್ನ ಮಗಳು ಕಸ್ತೂರಿಯನ್ನು ಮಲಗಿಸಿಕೊಂಡಿದ್ದರು. ನನ್ನ ಹೆಂಡತಿ ಶಾಂತಾ ಅವರ ಎದುರಿಗೆ ಕುಳಿತಿದ್ದಳು. ಮಾವ ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದರು.

ಅತ್ತೆ ಕೂಸಿನ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೈ ತೆಗೆದು ಇನ್ನೊಮ್ಮೆ ಮುಟ್ಟಿದರು. ಆಮೇಲೆ ನನ್ನ ಕಡೆ ಮುಖ ಎತ್ತಿದರು.

"ನೆತ್ತಿ ತುಂಬೇತಿ ನೋಡ್ರಿ ಅಳಿಯಾರ. ನಿಮ್ಮವ್ವನ ಎಣ್ಣಿ ಅಂತೂ ಕೆಲಸಾ ಮಾಡ್ತು."

ಆ ಮಾತಿಗೆ ನಾವೆಲ್ಲ ನಕ್ಕೆವು. ಯಾಕೆ ನಕ್ಕೆವು ಎಂಬುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮದು ಬಬಲೇಶ್ವರ, ಗಾಣದ ಮನೆ. ಕುಸುಬಿ ಎಣ್ಣೆ ನಮ್ಮ ವ್ಯಾಪಾರ. ಆದರೆ ವರ್ಷಕ್ಕೊಮ್ಮೆ ನನ್ನ ತಾಯಿ ನೀಲವ್ವ ಗಾಣವನ್ನು ಬಿಸಿನೀರಿನಿಂದ ತೊಳೆಸಿ, ಒಣಗಲು ಬಿಟ್ಟು, ಔಡಲ, ಅಂದರೆ ಹರಳು ಬೀಜ ಅರೆಸುತ್ತಿದ್ದಳು. ಆ ಎಣ್ಣೆ ಮಾರಾಟಕ್ಕಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಒಂದು ಸಣ್ಣ ಸೀಸೆ ನಮ್ಮ ಮನೆಯಿಂದ ಹೋಗುತ್ತಿತ್ತು. ಅದನ್ನು ನೆತ್ತಿ ಎಣ್ಣೆ ಎನ್ನುತ್ತಿದ್ದರು. ಎಳೆಗೂಸಿನ ತಲೆಯ ನಡುವೆ ಎಲುಬು ಇನ್ನೂ ಕೂಡದ ಮೆತ್ತನೆಯ ಜಾಗ ಒಂದಿರುತ್ತದಲ್ಲ, ಮುಟ್ಟಿದರೆ ಒಳಗಿನ ಬಡಿತ ಬೆರಳಿಗೆ ತಿಳಿಯುತ್ತದೆ. ಆ ಜಾಗಕ್ಕೆ ದಿನವೂ ನೀರು ಎರೆಯುವ ಮೊದಲು ಈ ಎಣ್ಣೆಯನ್ನು ಹನಿಸಿ ಅಂಗೈಯಿಂದ ಮೆಲ್ಲಗೆ ಒತ್ತುವುದು ರೂಢಿ. ಒತ್ತುತ್ತ ಒತ್ತುತ್ತ ನೆತ್ತಿ ತುಂಬುತ್ತದೆ, ಕೂಸು ಗಟ್ಟಿಯಾಗುತ್ತದೆ ಎಂದು ನಂಬಿಕೆ. ನೆತ್ತಿ ಕುಳಿಬಿದ್ದರೆ ಮನೆಯವರ ಮುಖವೂ ಬಾಡುತ್ತಿತ್ತು. ಹಡೆದವಳನ್ನು ನೋಡಲು ಬಂದ ಹಿರಿಯರು ಹೊರಡುವಾಗ ಹರಸುವುದೂ ಅದೇ ಮಾತಿನಿಂದ: ನೆತ್ತಿ ತುಂಬಲಿ.

ಕಸ್ತೂರಿ ನಮಗೆ ಬಹಳ ವರ್ಷ ಕಾದ ಮೇಲೆ ಹುಟ್ಟಿದವಳು. ಚೊಚ್ಚಲ ಬಾಣಂತನ ತವರಿನಲ್ಲಿ, ಅಂದರೆ ತಿಕೋಟಾದಲ್ಲಿ ಆಯಿತು. ದೀಪಾವಳಿಯ ಹೊತ್ತಿಗೆ ಕೂಸಿಗೆ ಭೇದಿ ಹತ್ತಿ, ನಿಂತಿತಾದರೂ ನೆತ್ತಿ ಕುಳಿಬಿತ್ತು. ಸುದ್ದಿ ತಿಳಿದ ನನ್ನ ತಾಯಿ ಮೋಟಾರಿನ ಕಂಡಕ್ಟರನ ಕೈಯಲ್ಲಿ ಒಂದು ಸೀಸೆ ಎಣ್ಣೆ ಕಳಿಸಿ, ತಿಕೋಟಾದ ಎಣ್ಣೆ ಚಕ್ಕಡಿ ಗಾಲಿಗೆ ಹಾಕಲು ಛಲೋ, ಕೂಸಿನ ತಲೆಗಲ್ಲ ಎಂದು ಹೇಳಿ ಕಳಿಸಿದಳು. ಅತ್ತೆ ಸುಮ್ಮನಿರುವವರಲ್ಲ. ಬಬಲೇಶ್ವರದಲ್ಲಿ ಎಣ್ಣೆಗಿಂತ ಮಾತನ್ನೇ ಹೆಚ್ಚು ಹಿಂಡುತ್ತಾರಂತೆ ಎಂದು ಅದೇ ಕಂಡಕ್ಟರನ ಬಾಯಲ್ಲಿ ಉತ್ತರ ಕಳಿಸಿದರು. ಹೀಗೆ ಇಬ್ಬರು ಬೀಗತಿಯರ ನಡುವೆ ಆ ಎಣ್ಣೆಯ ಮೇಲೆ ಚೇಷ್ಟೆ ನಡೆದಿತ್ತು. ಅದಕ್ಕೇ ಆ ಮುಂಜಾನೆ ಅತ್ತೆ ತಾವಾಗಿ ಸೋಲೊಪ್ಪಿಕೊಂಡಾಗ ನಾವು ನಕ್ಕದ್ದು. ಅತ್ತೆ ಎದ್ದು ಸಕ್ಕರೆಯ ಡಬ್ಬಿ ತೆಗೆದು ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಹಾಕಿದರು. ಎಡಬಲದ ಮನೆಗಳಿಗೂ ಹೋಗಿ ಹಂಚಿ ಬಂದರು.

ಕೂಸಿಗೆ ಜ್ವರ ಇತ್ತು. ಅದನ್ನು ನಾವು ಮರೆತಿರಲಿಲ್ಲ. ಹಬ್ಬದ ಹಿಂದಿನ ದಿನವೇ ಮೈ ಬೆಚ್ಚಗಾಗಿತ್ತು. ಅಮಾವಾಸ್ಯೆಯಂದು ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು, ಭೂತಾಯಿಗೆ ಎಡೆ ಹಾಕಲು ಹೋದಾಗ ಶಾಂತಾ ಕೂಸಿನೊಂದಿಗೆ ಮನೆಯಲ್ಲೇ ಉಳಿದಿದ್ದಳು. ಚಳಿಗಾಲದ ಗಾಳಿ ಬಡಿದಿದೆ, ಎರಡು ದಿನಕ್ಕೆ ಇಳಿಯುತ್ತದೆ ಎಂದು ಹಿರಿಯರ ಅಂದಾಜು. ಜ್ವರ ಬಂದ ಕೂಸಿನ ನೆತ್ತಿ ಕುಳಿಬೀಳಬೇಕು, ಇವಳದು ತುಂಬಿದೆ, ಹಾಗಾದರೆ ಜ್ವರ ಇವಳನ್ನು ಏನೂ ಮಾಡಿಲ್ಲ ಎಂದು ಅತ್ತೆ ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ನನಗೂ ತಪ್ಪು ಕಾಣಲಿಲ್ಲ. ನಮ್ಮ ಭಾಷೆಯಲ್ಲಿ ತುಂಬುವುದು ಎಂದರೆ ಒಳ್ಳೆಯದೇ. ತೆನೆ ತುಂಬುತ್ತದೆ, ಬಾವಿ ತುಂಬುತ್ತದೆ, ಹೊಟ್ಟೆ ತುಂಬುತ್ತದೆ.

ಎರೆಯುವ ಮೊದಲು ಅತ್ತೆ ಎಂದಿನಂತೆ ಎಣ್ಣೆ ಹನಿಸಿದರು. ನಾನು ಹೊಸ್ತಿಲಲ್ಲೇ ಇದ್ದೆ. ಹಿಂದೆ ನೋಡಿದಾಗಲೆಲ್ಲ ಆ ಎಣ್ಣೆ ನೆತ್ತಿಯ ಕುಳಿಯಲ್ಲಿ ನಿಂತು, ಬಡಿತಕ್ಕೆ ಸಣ್ಣಗೆ ನಡುಗುತ್ತಿತ್ತು. ಅಂದು ನಿಲ್ಲಲಿಲ್ಲ. ಬಿದ್ದ ಕೂಡಲೇ ಎರಡೂ ಬದಿಗೆ ಇಳಿದು ಕಿವಿಯ ಹಿಂದೆ ಹರಿಯಿತು. ಅತ್ತೆ ಅಂಗೈ ಒತ್ತಿದರು. ಕೂಸು ಅತ್ತಿತು. ಆ ಅಳು ನಾನು ಕೇಳಿದ ಅಳುಗಳಂತಿರಲಿಲ್ಲ. ಸಣ್ಣದಾಗಿ, ಎತ್ತರದಲ್ಲಿ, ದಾರ ಎಳೆದ ಹಾಗೆ ಬಂದು ನಡುವೆಯೇ ಕಡಿಯಿತು.

ಶಾಂತಾ ಕೂಸನ್ನು ಎತ್ತಿಕೊಂಡಳು. ಅಳು ಹೆಚ್ಚಾಯಿತು. ತೊಟ್ಟಿಲಲ್ಲಿ ಹಾಕಿದಳು. ನಿಂತಿತು. ಮತ್ತೆ ಎತ್ತಿಕೊಂಡಳು, ಮತ್ತೆ ಅಳು. ಅವಳು ನನ್ನ ಕಡೆ ನೋಡಿ ಹೇಳಿದಳು:

"ಎತ್ತಿಕೊಂಡ್ರ ಅಳತಾಳ, ಕೆಳಗ ಹಾಕಿದ್ರ ಸುಮ್ಮನಾಗತಾಳ. ಯಾವ ಕೂಸರ ಹಿಂಗ ಮಾಡ್ತೈತೇನ್ರಿ?"

ಮಾವ ಅಂಗಳದಿಂದಲೇ, ಜ್ವರದ ಕೂಸಿಗೆ ಮೈ ನೋಯುತ್ತದೆ, ಮುಟ್ಟಿಸಿಕೊಳ್ಳುವುದಿಲ್ಲ ಎಂದರು. ಆಮೇಲೆ ಕೂಸು ಹಾಲು ಕಾರಿತು. ಮೊಲೆ ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲಲ್ಲಿ ಅದರ ಬಲಗೈ ಒಂದೇ ಸಮ ಜಗ್ಗತೊಡಗಿತು. ಕಣ್ಣು ಒಂದು ಕಡೆ ಹೊರಳಿ ನಿಂತವು, ಬಾಯಲ್ಲಿ ನೊರೆ ಬಂತು. ಬಾಲಗ್ರಹ ಎಂದು ಅತ್ತೆ ಕೈಜೋಡಿಸಿ ನಿಂತರು. ಮಾವ ಮಂತ್ರಿಸುವವನನ್ನು ಕರೆಯಲು ರುಮಾಲು ಸುತ್ತಿಕೊಂಡರು. ಅವರು ಚಪ್ಪಲಿ ಮೆಟ್ಟುವುದರೊಳಗೆ ಶಾಂತಾ ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ಬಾಗಿಲಲ್ಲಿ ನಿಂತಿದ್ದಳು. ಮೋಟಾರು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದಳು.

ನಾವು ನಾಲ್ವರೂ ಕೂಸಿನೊಂದಿಗೆ ವಿಜಾಪುರದ ಮೋಟಾರು ಹತ್ತಿದೆವು. ಆಗಿನ ರಸ್ತೆ ಈಗಿನಂತಿರಲಿಲ್ಲ, ಕಲ್ಲು ಹರವಿದ ದಾರಿ. ಗಾಲಿ ಜಿಗಿದಾಗಲೆಲ್ಲ ಕೂಸು ಆ ಸಣ್ಣ ದನಿಯಲ್ಲಿ ಅಳುತ್ತಿತ್ತು. ಹಿಂದೆ ಎಣ್ಣೆಯ ಸೀಸೆ ತಂದುಕೊಟ್ಟ ಕಂಡಕ್ಟರನೇ ಅಂದು ಇದ್ದ. ಅವನು ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಅಲ್ಲಿಂದ ಮೋಟಾರು ಚಕ್ಕಡಿಯ ಹಾಗೆ ನಡೆಯಿತು. ಸಂತೆಗೆ ಹೊರಟವರು, ಕೋರ್ಟಿಗೆ ಹೊರಟವರು ಎಲ್ಲ ಇದ್ದರು. ತಡವಾಯಿತೆಂದು ಒಬ್ಬರೂ ಅನ್ನಲಿಲ್ಲ. ಅವರಲ್ಲಿ ಯಾರ ಹೆಸರೂ ನನಗೆ ಗೊತ್ತಿಲ್ಲ. ಆ ಕೆಟ್ಟ ದಿನದಲ್ಲಿ ನನಗೆ ಮೊದಲು ಸಿಕ್ಕ ದಯೆ ಅವರದು.

ದವಾಖಾನೆಯ ವರಾಂಡದಲ್ಲಿ ಬಹಳ ಜನ ಇದ್ದರು. ಗೋಡೆಗುಂಟ ಕಲ್ಲಿನ ಕಟ್ಟೆ. ಇಟ್ಟಂಗಿಹಾಳದ ಒಬ್ಬ ಮುದುಕ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತವನು, ಕೂಸಿನ ಅಳು ಕೇಳಿ ತನ್ನ ಸರದಿ ಬಿಟ್ಟುಕೊಟ್ಟ. ಒಳಗೆ ಡಾಕ್ಟರು ನಡುವಯಸ್ಸಿನವರು, ನಮ್ಮ ಕಡೆಯ ಮಾತೇ ಆಡುವವರು. ಅವರು ಮೊದಲು ಜ್ವರ ನೋಡಲಿಲ್ಲ, ಎದೆ ನೋಡಲಿಲ್ಲ. ದುಪ್ಪಟಿ ಸರಿಸಿ ತಲೆಯ ಮೇಲೆ ಕೈ ಇಟ್ಟರು. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.

"ನೆತ್ತಿ ಯಾವಾಗ ಉಬ್ಬೇತಿ?"

ಅತ್ತೆ ಮುಂದೆ ಬಂದರು. ತಪ್ಪಾಗಿ ತಿಳಿದುಕೊಂಡವರಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು:

"ಉಬ್ಬಿಲ್ರಿ ಸಾಹೇಬ್ರ. ತುಂಬೇತ್ರಿ."

ಡಾಕ್ಟರು ಅವರನ್ನು ನೋಡಿದರು. ಗದರುತ್ತಾರೆ ಎಂದುಕೊಂಡೆ, ಗದರಲಿಲ್ಲ. ಅವರು ಅತ್ತೆಯ ಕೈ ಹಿಡಿದು, ಆ ಬೆರಳುಗಳನ್ನು ಕೂಸಿನ ನೆತ್ತಿಯ ಮೇಲೆ ತಾವೇ ಇಡಿಸಿದರು. ಬಡಿಯಾಕತ್ತೈತೇನು ನೋಡು ಎಂದರು. ಅತ್ತೆ ಬೆರಳು ಇಟ್ಟುಕೊಂಡೇ ನಿಂತರು. ಬಡಿತ ಇರಲಿಲ್ಲ. ಮುಂಜಾನೆ ಅವರು ಗಟ್ಟಿತನ ನೋಡಿದ್ದರು, ಬಡಿತ ನೋಡಿರಲಿಲ್ಲ.

"ತುಂಬಿದ್ದು ಎಣ್ಣಿ ಅಲ್ಲಬೇ ಯವ್ವಾ," ಎಂದರು ಡಾಕ್ಟರು. "ತಲಿಯೊಳಗ ನೀರು ಒತ್ತಾಕತ್ತೈತಿ. ಅದು ಹೊರಗ ಬರಾಕ ಹಾದಿ ಹುಡುಕಾಕತ್ತೈತಿ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದರು. ಮುಂದೆ ಎಷ್ಟೋ ದಿನ ಅವರು ಹಾಗೆಯೇ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂಡುತ್ತಿದ್ದರು.

ಜ್ವರ ಮಿದುಳಿನ ಪೊರೆಗೆ ಹತ್ತಿರಬೇಕು, ಬೆನ್ನಿನಿಂದ ನೀರು ತೆಗೆದು ನೋಡಬೇಕು, ನೋಡದೆ ಔಷಧ ಗೊತ್ತುಮಾಡಲು ಬರುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ಮಾವ ನಮ್ಮನ್ನು ವರಾಂಡಕ್ಕೆ ಕರೆದರು. ಬೆನ್ನಿನ ನೀರು ತೆಗೆಸಿಕೊಂಡವರು ಏಳುವುದಿಲ್ಲ, ಎದ್ದರೂ ಕಾಲು ಹೋಗುತ್ತವೆ ಎಂದು ಅವರು ಕೇಳಿದ್ದರು. ಹೆಣ್ಣುಕೂಸು, ಕುಂಟಿಯಾದರೆ ಮುಂದೆ ಹೇಗೆ ಎಂದರು. ಮಾವ ಕೆಟ್ಟವರಲ್ಲ. ಆ ಕೂಸನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತೋರಿಸಿದವರು. ನಾನು ಒಂದು ಸಲ ಅವರ ಮುಖ, ಒಂದು ಸಲ ಡಾಕ್ಟರ ಬಾಗಿಲು ನೋಡುತ್ತಿದ್ದೆ. ಆಗ ಶಾಂತಾ ಮಾತಾಡಿದಳು. ತಂದೆಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ, ಅಂದೂ ಎತ್ತಲಿಲ್ಲ.

"ಎತ್ತಿಕೊಂಡ್ರ ಅಳತಾಳ ಅಂತ ಮುಂಜಾನಿ ಹೇಳಿದೆ, ಯಾರೂ ಕಿವಿ ಮ್ಯಾಲ ಹಾಕ್ಕೊಳ್ಲಿಲ್ಲ. ಈಗರ ಕೇಳ್ರಿ. ನೀರು ತಗಸ್ರಿ."

ಕೂಸನ್ನು ಬಾಗಿಸಿ ಹಿಡಿಯಲು ಗಟ್ಟಿ ಕೈ ಬೇಕೆಂದು ನರ್ಸಬಾಯಿ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಕಸ್ತೂರಿಯ ಮೊಣಕಾಲನ್ನು ಎದೆಗೆ, ಗದ್ದವನ್ನು ಮೊಣಕಾಲಿಗೆ ಹತ್ತಿಸಿ ಹಿಡಿದೆ. ಅವಳ ಬೆನ್ನು ನನ್ನ ಗೇಣಿಗಿಂತ ಸ್ವಲ್ಪ ದೊಡ್ಡದಿತ್ತು. ಸೂಜಿ ಹೋಯಿತು. ಸ್ವಲ್ಪ ಹೊತ್ತಿಗೆ ನೀರು ಹನಿಯಬೇಕಾದದ್ದು ಚಿಮ್ಮಿತು. ಅದು ತಿಳಿ ಇರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು. ನಮ್ಮ ಕಸುಬಿನಲ್ಲಿ ತಿಳಿ ಯಾವುದು, ಕದಡಿದ್ದು ಯಾವುದು ಎಂದು ನೋಡುವುದೇ ದಿನದ ಕೆಲಸ. ಅದರ ಅರ್ಥವನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ನಾನು ಹಿಡಿದ ಕೈ ಬಿಡಲಿಲ್ಲ.

ಅವಳನ್ನು ವಾರ್ಡಿಗೆ ತಂದರು. ಪೆನಿಸಿಲಿನ್ ಸೂಜಿ ಶುರುವಾಯಿತು. ಸೂಜಿ ಹಾಕಲು ಆ ತೊಡೆಗಳಲ್ಲಿ ಜಾಗ ಸಾಲದೆ ಹೋಯಿತು. ಪಕ್ಕದ ಕಾಟಿನಲ್ಲಿ ಇಬ್ರಾಹಿಂಪುರದ ಹುಸೇನಬಿ ಎಂಬವರು ಮುದ್ದತ್ತಿನ ಜ್ವರ, ಅಂದರೆ ಟೈಫಾಯ್ಡ್ ಆದ ಮಗನನ್ನು ಇಟ್ಟುಕೊಂಡಿದ್ದರು. ಅವರ ಮನೆ ರೈಲ್ವೆ ಹಳಿಯ ಆಚೆ. ಮುಂಜಾನೆ ಅವರ ಗಂಡ ತಂದ ರೊಟ್ಟಿಯಲ್ಲಿ ನಮ್ಮ ಪಾಲು ತೆಗೆದಿಟ್ಟು, ತಿನ್ನುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಒಮ್ಮೆ ಶಾಂತಾ ಕಣ್ಣು ಮುಚ್ಚಿದ್ದಾಗ ನಾನು ಕೂಸಿನ ಲಂಗೋಟಿ ಬದಲಿಸಿದೆ. ಅದು ಕಾಲಿನಿಂದ ಜಾರಿಬಿತ್ತು. ಹುಸೇನಬಿ ನೋಡುತ್ತಿದ್ದರು.

"ಎಣ್ಣಿ ಹಿಂಡೂ ಕೈಗೆ ಒಂದು ಗಂಟು ಹಾಕಾಕ ಬರಂಗಿಲ್ಲೇನೋ ಯಪ್ಪಾ? ಸರಿ ಅತ್ತಾಗ."

ಅವರು ಕಟ್ಟಿದರು. ನಾನು ನಕ್ಕೆ. ಆ ವಾರ್ಡಿನಲ್ಲಿ ನಕ್ಕಿದ್ದು ಅಷ್ಟೇ ನೆನಪಿದೆ.

ನನ್ನ ತಾಯಿಗೆ ಸುದ್ದಿ ಮುಟ್ಟಿ ಅವಳು ಬಬಲೇಶ್ವರದಿಂದ ಬಂದಳು. ಕೂಸಿಗೆ ಜ್ವರ ನೆತ್ತಿಗೇರಿದೆ ಎಂದಷ್ಟೇ ಅವಳಿಗೆ ತಿಳಿದಿತ್ತು. ತಲೆ ಕಾದಿದೆ, ತಂಪು ಮಾಡಬೇಕು ಎಂದು ಅವಳು ಹಳೆಯ ಔಡಲ ಎಣ್ಣೆಯ ದೊಡ್ಡ ಸೀಸೆಯನ್ನೇ ಎದೆಗವಚಿಕೊಂಡು ತಂದಿದ್ದಳು. ವಾರ್ಡಿನ ಬಾಗಿಲಲ್ಲಿ ಅತ್ತೆ ಎದುರಾದರು. ದೀಪಾವಳಿಯಿಂದ ಕಂಡಕ್ಟರನ ಬಾಯಲ್ಲಿ ಮಾತಾಡಿಕೊಂಡ ಇಬ್ಬರು ಹೆಂಗಸರು ಎದುರುಬದುರು ಆದದ್ದು ಆವಾಗಲೇ.

"ಬ್ಯಾಡ್ರಿ ಬೀಗತಿ," ಎಂದರು ಅತ್ತೆ. "ಇದಕ ಎಣ್ಣಿ ಬ್ಯಾಡಂತ."

ತಾಯಿ ಯಾಕೆ ಎಂದು ಕೇಳಲಿಲ್ಲ. ಸೀಸೆಯನ್ನು ಕಾಟಿನ ಕೆಳಗೆ ಇಟ್ಟು, ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಹಾಗೆ ಅವರು ದಿನಗಟ್ಟಲೆ ಕುಳಿತರು.

ಕಾಯುವುದು ಎಂದರೆ ನಮಗೆ ನೆತ್ತಿ ಕಾಯುವುದಾಗಿತ್ತು. ಡಾಕ್ಟರು ಬಂದು ಕೈ ಇಟ್ಟು ಹೋದ ಮೇಲೆ ನಾವೂ ಒಬ್ಬರಾದ ಮೇಲೆ ಒಬ್ಬರು ನೋಡುತ್ತಿದ್ದೆವು, ಅತ್ತೆಯೊಬ್ಬರನ್ನು ಬಿಟ್ಟು. ಇನ್ನೂ ಎರಡು ಸಲ ಬೆನ್ನಿನ ನೀರು ತೆಗೆದರು. ತೆಗೆದಾಗ ನೆತ್ತಿ ಮೆತ್ತಗಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ನಾವು ಹಿಂದೆ ಅದು ತುಂಬಲಿ ಎಂದು ಬೇಡಿಕೊಂಡವರು, ಈಗ ಇಳಿಯಲಿ ಎಂದು ಬೇಡಿಕೊಂಡೆವು. ನನ್ನ ತಾಯಿ ಅದೇ ದೇವರ ಹೆಸರು ಹಿಡಿದೇ ಬೇಡಿಕೊಂಡಳು.

ಕೊನೆಗೆ ಒಂದು ಮುಂಜಾನೆ ಜ್ವರ ಬಿಟ್ಟಿತ್ತು. ನರ್ಸಬಾಯಿ ಶಾಂತಾಳ ಬೆರಳು ಹಿಡಿದು ನೆತ್ತಿಯ ಮೇಲೆ ಇಟ್ಟರು. ಶಾಂತಾ ನನ್ನನ್ನು ಕರೆದಳು. ನಾನೂ ಇಟ್ಟೆ. ಚರ್ಮ ಸಪಾಟಾಗಿತ್ತು. ಅದರ ಕೆಳಗೆ ಬಡಿತ ಇತ್ತು. ಅಂದು ಕಸ್ತೂರಿ ಮೊಲೆ ಹಿಡಿದಳು. ಹುಸೇನಬಿ ಕೈ ಮೇಲೆತ್ತಿ ದುವಾ ಮಾಡಿದರು. ಮಾವ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಕಾಲು ಆಡಿಸುತ್ತಿದ್ದಾಳೆ ಎಂದು ಅವರಿಗೆ ನಾನೇ ಹೋಗಿ ಹೇಳಿದೆ.

ನಮ್ಮನ್ನು ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು. ಜೀವ ಉಳಿಯಿತು, ಉಳಿದದ್ದು ಕೂಸು ಬೆಳೆಯುತ್ತ ಬೆಳೆಯುತ್ತ ತಿಳಿಯುತ್ತದೆ, ನೋಡಿಕೊಳ್ಳುತ್ತ ಇರಿ ಎಂದು. ಅವರು ಎರಡೂ ಮಾತನ್ನು ಒಂದೇ ದನಿಯಲ್ಲಿ ಹೇಳಿದ್ದರು. ನಮಗೆ ಕೇಳಿಸಿದ್ದು ಮೊದಲನೆಯದು.

ಮೈ ಸ್ವಲ್ಪ ಹಿಡಿದ ಮೇಲೆ ಶಾಂತಾ ಮತ್ತು ಕಸ್ತೂರಿಯನ್ನು ಬಬಲೇಶ್ವರಕ್ಕೆ ಕರೆತಂದೆ. ನಮ್ಮ ಗಾಣ ಮನೆಗೆ ಹತ್ತಿಕೊಂಡೇ ಇದೆ, ನಡುವೆ ಒಂದು ಗೋಡೆ. ಎತ್ತು ತಿರುಗಿ, ಒರಳಿನಲ್ಲಿ ಮರ ತಿರುಗುವಾಗ ಏಳುವ ಕಿರ್ರೆನ್ನುವ ಸಪ್ಪಳ ಬಂದವರ ಹಲ್ಲು ಜುಮ್ಮೆನ್ನಿಸುವಂಥದ್ದು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಮೊದಲು ಅದಕ್ಕೆ ಬೆಚ್ಚಿಬಿದ್ದು, ಅತ್ತು, ಆಮೇಲೆ ರೂಢಿಯಾಗಿ ಅದರಲ್ಲೇ ಮಲಗಲು ಕಲಿಯುತ್ತವೆ. ನಾನೂ ಹಾಗೆಯೇ ಕಲಿತೆನಂತೆ. ಕಸ್ತೂರಿ ಬಂದ ಮರುದಿನ ಗಾಣ ಹೂಡಿದಾಗ ಅವಳು ತೊಟ್ಟಿಲಲ್ಲಿ ಮಲಗಿದ್ದಳು. ಕಣ್ಣು ಮಿಟುಕಿಸಲಿಲ್ಲ. ನನ್ನ ತಾಯಿಗೆ ಹಿಡಿಸಲಾರದಷ್ಟು ಹಿಗ್ಗು. ನೀರಿಗೆ ಬಂದ ಹೆಂಗಸರನ್ನು ಒಳಗೆ ಕರೆದು ತೋರಿಸಿದಳು.

"ನೋಡ್ರಿ, ಕಲಿಸೂದ ಬೇಕಾಗ್ಲಿಲ್ಲ. ಗಾಣಿಗರ ಮನಿ ಕೂಸು ಅಂದ್ರ ಹಿಂಗ."

ಅವರೂ ಹೊಗಳಿದರು. ನಾನು ಗಾಣದ ಬಾಗಿಲಲ್ಲಿ ನಿಂತು ಕೇಳಿದೆ, ನನಗೂ ಹಿಗ್ಗಾಯಿತು. ದವಾಖಾನೆಯಿಂದ ಬಂದ ಮೇಲೆ ಆ ಕೂಸಿನ ಬಗ್ಗೆ ಯಾರಾದರೂ ಆಡಿದ ಮೊದಲ ಹೊಗಳಿಕೆ ಅದು.

ಶಾಂತಾ ಹಿಗ್ಗಲಿಲ್ಲ. ಅವಳು ಕೆಲವು ದಿನ ನೋಡುತ್ತಿದ್ದಳು. ಗಾಣದ ಮನೆಯ ಕೂಸುಗಳ ಇನ್ನೊಂದು ಗುಣ ನನ್ನ ತಾಯಿಯೇ ಅವಳಿಗೆ ಹೇಳಿದ್ದಳು: ಸಪ್ಪಳದಲ್ಲಿ ಮಲಗಿದ ಕೂಸು, ಸಪ್ಪಳ ನಿಂತ ಕೂಡಲೇ ಏಳುತ್ತದೆ. ಎತ್ತು ಬಿಚ್ಚುವ ಹೊತ್ತಿಗೆ ಸೊಸೆಯರು ತೊಟ್ಟಿಲ ಹತ್ತಿರ ಸಿದ್ಧವಾಗಿರಬೇಕು. ಒಂದು ಸಂಜೆ ನಾನು ಎತ್ತು ಬಿಚ್ಚಿ ಕೈ ತೊಳೆಯುತ್ತಿದ್ದೆ. ಶಾಂತಾ ಬಂದು ಹಿಂದೆ ನಿಂತಳು.

"ಗಾಣ ನಿಂತ್ರ ನಿಮ್ಮನಿ ಕೂಸು ಏಳತಾವಂತ ಅತ್ತಿ ಹೇಳತಾರ," ಎಂದಳು. "ಇಕಿ ಒಂದಿನಾನೂ ಎದ್ದಿಲ್ರಿ."

ನಾನು ಕೈ ಒರೆಸಿಕೊಂಡು ಒಳಗೆ ಹೋದೆ. ಕಸ್ತೂರಿ ಎದ್ದು ತೊಟ್ಟಿಲ ಮೇಲಿನ ಬಣ್ಣದ ಗಿಳಿಗಳನ್ನು ನೋಡುತ್ತಿದ್ದಳು. ಅವಳ ತಲೆಯ ಹಿಂದೆ, ಕಾಣದ ಹಾಗೆ ನಿಂತು, ಹಿತ್ತಾಳೆ ತಂಬಿಗೆಯ ಮೇಲೆ ಸೌಟಿನಿಂದ ಹೊಡೆದೆ. ತಾಯಿ ಅಡುಗೆಮನೆಯಿಂದ ಬೆಚ್ಚಿ ಏನಾಯಿತೆಂದು ಓಡಿಬಂದಳು. ಕಸ್ತೂರಿ ಗಿಳಿಗಳನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹೊಡೆದೆ. ನನ್ನ ನೆರಳು ತೊಟ್ಟಿಲ ಮೇಲೆ ಬಿದ್ದಾಗ ಅವಳು ತಿರುಗಿ, ನನ್ನನ್ನು ಕಂಡು, ಬಾಯಿ ಅಗಲಿಸಿ ನಕ್ಕಳು. ತಾಯಿ ನನ್ನ ಕೈಯಿಂದ ಸೌಟು ಕಸಿದುಕೊಂಡಳು. ಬಿಡೋ, ಕೂಸು ಅಂಜತೈತಿ ಎಂದಳು. ಅಂದುಬಿಟ್ಟು, ತಾನು ಅಂದದ್ದು ತನಗೇ ಕೇಳಿಸಿದಂತೆ, ಅಲ್ಲೇ ಕುಳಿತಳು.

ವಿಜಾಪುರದ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು, ಗುಂಯ್‌ಗುಡುವ ಒಂದು ಕಬ್ಬಿಣದ ಕವಲನ್ನು ಮಿಡಿದು ಕಿವಿಯ ಹತ್ತಿರ ಹಿಡಿದರು. ಈ ಜ್ವರ ಬಿಟ್ಟು ಹೋಗುವಾಗ ಕೆಲವು ಸಲ ಬರಿಗೈಯಲ್ಲಿ ಹೋಗುವುದಿಲ್ಲ ಎಂದರು. ಕಣ್ಣು ಉಳಿಸಿದೆ, ಕಾಲು ಉಳಿಸಿದೆ, ಬುದ್ಧಿ ಚುರುಕಿದೆ ಎಂದು ಒಂದೊಂದನ್ನೇ ಎತ್ತಿ ಹೇಳಿದರು. ಇದಕ್ಕೆ ಔಷಧ ಇಲ್ಲವೇ ಎಂದು ಶಾಂತಾ ಕೇಳಿದಳು. ಇಲ್ಲ ತಂಗಿ ಎಂದರು.

ದವಾಖಾನೆಯಲ್ಲಿ ನಾವು ಮೈಯೆಲ್ಲ ಕಣ್ಣಾಗಿ ನೆತ್ತಿ ಕಾಯ್ದಿದ್ದೆವು. ಅದು ಇಳಿಯಿತು ಎಂದು ಗೆದ್ದವರ ಹಾಗೆ ಮನೆಗೆ ಬಂದೆವು. ಜ್ವರ ಹೋದ ಹಾದಿ ಬೇರೆ ಇತ್ತು. ಅಲ್ಲಿ ಕಾಯುವವರು ಯಾರೂ ಇರಲಿಲ್ಲ. ಇದ್ದರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದಾರೆ, ನಾನು ನಂಬಿದ್ದೇನೆ. ನಂಬುವುದು ದಿನಾ ಹೊಸದಾಗಿ ಮಾಡಬೇಕಾದ ಕೆಲಸ.

ಸುದ್ದಿ ತಿಳಿದು ಅತ್ತೆ ತಿಕೋಟಾದಿಂದ ಬಂದರು. ಕೂಸಿನ ಹತ್ತಿರ ಹೋಗಲಿಲ್ಲ. ಪಡಸಾಲೆಯ ಗೋಡೆಗೆ ಒರಗಿ, ಕೈ ಸೆರಗಿನೊಳಗೆ ಇಟ್ಟುಕೊಂಡು ಕುಳಿತರು. ನನ್ನ ತಾಯಿ ಊಟಕ್ಕೆ ಎಬ್ಬಿಸಿದಳು, ಏಳಲಿಲ್ಲ. ಬಹಳ ಹೊತ್ತಿನ ಮೇಲೆ, ಯಾರಿಗೂ ಅಲ್ಲದ ಹಾಗೆ ಅಂದರು:

"ನಾ ಸಕ್ಕರಿ ಹಂಚಿದ್ನಲ್ಲ."

ನನ್ನ ತಾಯಿ ಅವರ ಪಕ್ಕ ಕುಳಿತು, ನಾನೂ ಮಂದಿಯನ್ನು ಕರೆದು ತೋರಿಸಿದೆ ಬೀಗತಿ, ಗಾಣಿಗರ ಕೂಸು ಅಂತ, ಎಂದಳು. ಕಸ್ತೂರಿ ಅಂಬೆಗಾಲಿಟ್ಟು ಬಂದು ಅತ್ತೆಯ ಸೆರಗು ಎಳೆದು, ಒಳಗೆ ಅಡಗಿದ್ದ ಕೈಯನ್ನು ಹೊರಗೆ ತೆಗೆದಳು. ಅದೊಂದು ಆಟ ಎಂದುಕೊಂಡಿದ್ದಳು.

ಮರುವರ್ಷ ನನ್ನ ತಾಯಿ ಔಡಲ ಅರೆಸುತ್ತಾಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅರೆಸಿದಳು. ಊರಿನ ಕೂಸುಗಳಿಗೆ ಸೀಸೆ ಹೋದವು. ಆದರೆ ಸೀಸೆಯ ಜೊತೆಗೆ ಅವಳೇ ಹೋಗಿ ಹೇಳಿಬರುತ್ತಿದ್ದಳು: ಒತ್ತಬೇಡಿ, ಸವರಿರಿ. ಎಣ್ಣೆ ನಿಂತು ನಡುಗಿದರೆ ಛಲೋ. ಜ್ವರದ ಕೂಸಿನ ನೆತ್ತಿ ತುಂಬಿದರೆ ಸಕ್ಕರೆ ಹಂಚಬೇಡಿ, ಮೋಟಾರು ಹತ್ತಿರಿ. ಇದನ್ನು ಕೇಳಿದ ಒಬ್ಬ ಸೊಸೆ, ಅಳುವಾಗ ಕೂಸಿನ ನೆತ್ತಿ ಏರಿದ್ದನ್ನು ಕಂಡು ಹೆದರಿ ವಿಜಾಪುರಕ್ಕೆ ಓಡಿದಳು. ಡಾಕ್ಟರು ಕೂಸನ್ನು ಸುಮ್ಮನಾಗಿಸಿ, ಕೂರಿಸಿ ನೋಡಿ, ಏನೂ ಇಲ್ಲ ಎಂದು ಕಳಿಸಿದರು. ಅವಳು ಬಂದು ನಮ್ಮ ಅಂಗಳದಲ್ಲಿ ನಿಂತು ತಾಯಿಯನ್ನು ಬಾಯಿಗೆ ಬಂದಂತೆ ಬೈದಳು. ತಾಯಿ ಬೈಸಿಕೊಂಡು, ನಗುತ್ತ, ಅವಳ ಕೂಸಿಗೆ ಒಂದು ಬೆಲ್ಲದ ಚೂರು ನೆಕ್ಕಿಸಿದಳು. ತಾಯಿ ನಕ್ಕಿದ್ದನ್ನು ನಾನು ಕಂಡು ಬಹಳ ದಿನವಾಗಿತ್ತು.

ಈಗ ಕಸ್ತೂರಿಗೆ ಒಂಬತ್ತು ತುಂಬುತ್ತಿದೆ. ಅವಳ ಹಿಂದೆ ತಮ್ಮ ಒಬ್ಬ ಹುಟ್ಟಿದ್ದಾನೆ, ಅವನಿಗೆ ಎಲ್ಲ ಕೇಳಿಸುತ್ತದೆ. ಮನೆಯಲ್ಲಿ ನಾವು ಕೈಮಾತು ಕಟ್ಟಿಕೊಂಡಿದ್ದೇವೆ. ಎಣ್ಣೆಯ ಜಿಡ್ಡು ನೋಡುವ ಹಾಗೆ ಹೆಬ್ಬೆರಳು ತೋರುಬೆರಳು ಉಜ್ಜಿದರೆ ನಾನು. ಗದ್ದ ಮುಟ್ಟಿದರೆ ಅವಳ ತಾಯಿ. ಊರಿನ ಹುಡುಗರು ಮೂಕಿ ಎಂದು ಕೂಗುತ್ತಾರೆ. ಕೇಳದ್ದು ಒಂದು ಪುಣ್ಯ ಎನ್ನುವವರಿದ್ದಾರೆ. ನನಗೆ ಅದು ಪುಣ್ಯವಾಗಿ ಕಂಡಿಲ್ಲ, ಅವಳು ಅವರ ಬಾಯನ್ನು ನೋಡುತ್ತಾಳೆ. ಹೋದ ಬೇಸಿಗೆಯಲ್ಲಿ ಒಂದು ದಿನ ಅವಳು ತಮ್ಮನ ಕಿವಿ ಮುಟ್ಟಿದಳು, ತನ್ನ ಕಿವಿ ಮುಟ್ಟಿಕೊಂಡಳು, ಶಾಂತಾಳ ಮುಖ ನೋಡಿದಳು. ನಾನು ಎದ್ದು ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಶಾಂತಾ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಜ್ವರ. ಆಮೇಲೆ ಎರಡು ಕೈ ಹತ್ತಿರ ತಂದು ತೋರಿಸಿದಳು. ನೀನು ಇಷ್ಟಿದ್ದೆ. ಕಸ್ತೂರಿ ತಲೆ ಆಡಿಸಿ ಆಡಲು ಹೋದಳು. ಅವಳಿಗೆ ಅಷ್ಟು ಸಾಕಾಯಿತೋ, ನಮ್ಮ ಮುಖ ನೋಡಿ ಸಾಕು ಮಾಡಿದಳೋ ಗೊತ್ತಿಲ್ಲ.

ಇದನ್ನು ನಾನು ಬರೆದದ್ದು ಇಂಥ ಜ್ವರ ಹಾದುಹೋದ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇರುತ್ತವೆ ಎಂದು. ಅಲ್ಲಿಯೂ ಯಾರೋ ಒಬ್ಬರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಿರುತ್ತಾರೆ. ಅವರಿಗೆ ನಾನು ಹೇಳಬಲ್ಲದ್ದು, ನಾವೂ ಹಾಗೆ ಕುಳಿತಿದ್ದೆವು ಎಂಬುದಷ್ಟೇ.

ಕಂಡದ್ದನ್ನು ಕಂಡಷ್ಟೇ ಬರೆದಿದ್ದೇನೆ. ಹೆಚ್ಚು ಕಡಿಮೆಯಾಗಿದ್ದರೆ ಕೇಳಲು ಇನ್ನೂ ಜನ ಇದ್ದಾರೆ. ಮಾವ ಹೋದರು. ನನ್ನ ತಾಯಿ ಹೋದ ವರ್ಷ ತೀರಿಕೊಂಡಳು. ಹುಸೇನಬಿ ಇಬ್ರಾಹಿಂಪುರದಲ್ಲಿ ಅದೇ ಮನೆಯಲ್ಲಿದ್ದಾರೆ, ಅವರ ಮಗ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಗೌರವ್ವ ಅತ್ತೆ ತಿಕೋಟಾದಲ್ಲಿದ್ದಾರೆ, ಕಣ್ಣು ಮಂಜಾಗಿವೆ, ನೆನಪು ಮಂಜಾಗಿಲ್ಲ. ಶಾಂತಾ ಇದ್ದಾಳೆ, ಇದನ್ನು ಓದಿ ಕೇಳಿಸಿದಾಗ ಎರಡು ಕಡೆ ನನ್ನನ್ನು ತಿದ್ದಿದ್ದಾಳೆ.

ಕಸ್ತೂರಿ ಇದ್ದಾಳೆ. ಅತ್ತೆ ಸಕ್ಕರೆಯ ಡಬ್ಬಿ ತೆಗೆದಾಗ ಅವಳ ಕಣ್ಣು ತೆರೆದಿದ್ದವು, ನಾವೆಲ್ಲ ನಗುವುದನ್ನು ನೋಡುತ್ತಿದ್ದಳು. ಆಗ ಅವಳಿಗೆ ಇನ್ನೂ ಕೇಳಿಸುತ್ತಿತ್ತು.